ಕೂಲಿ ಕೊಟ್ಟ ಮೇಲೆ ಇನ್ನೇನು ಋಣ?



ಕೆಲವು ತಿಂಗಳ ಹಿಂದೆ ಒಂದು ಭಾನುವಾರ. ಬಲಿಪೂಜೆ ಮುಗಿಸಿ ಹೊರಗೆ ಬಂದಾಗ ಹಿರಿಯರೊಬ್ಬರು ದೇವಾಲಯದ ಮೆಟ್ಟಿಲ ಹತ್ತಿರ ನನ್ನನ್ನು ತಡೆದು ನಿಲ್ಲಿಸಿದರು. ಇಳಕಲ್ ಕಡೆ ಸಣ್ಣ ವ್ಯಾಪಾರ ಇಟ್ಟುಕೊಂಡಿರುವವರು. ನಾಲ್ಕೈದು ಜನ ಅವರ ಕೈಕೆಳಗೆ ದುಡಿಯುತ್ತಾರೆ. ನಮಗಾಗಿ ದುಡಿಯುವವರಿಗೆ ನಾವು ಕೃತಜ್ಞರಾಗಿರಬೇಕು ಎಂದು ಅಂದಿನ ಪ್ರಬೋಧನೆಯಲ್ಲಿ ನಾನು ಒಂದು ಮಾತು ಹೇಳಿದ್ದೆ. ಅದು ಅವರಿಗೆ ಸರಿಬಿದ್ದಿರಲಿಲ್ಲ.

"ಫಾದರ್, ತಿಂಗಳಾ ಐದನೇ ತಾರೀಖಿಗೆ ಪಗಾರ ಕೊಡ್ತೇನ್ರಿ. ಒಂದು ದಿನಾನೂ ತಪ್ಪಿಸಿಲ್ಲ. ಅವರು ಕೆಲಸಾ ಮಾಡ್ತಾರ, ನಾ ರೊಕ್ಕಾ ಕೊಡ್ತೇನಿ. ಲೆಕ್ಕಾ ಚುಕ್ತಾ ಆತು. ಮತ್ತ ಋಣಾ ಎಲ್ಲಿಂದ ಬಂತ್ರಿ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಇನ್ನೊಂದು ಮಾತನ್ನೂ ಸೇರಿಸಿದರು: "ಆಳು ಹೇಳಿದ ಕೆಲಸಾ ಮಾಡಿದ್ರ ಧಣಿ ಅವಂಗ ಉಪಕಾರ ಅಂತಾನೇನು ಅಂತ ಸ್ವಾಮಿನ ಕೇಳ್ಯಾರಲ್ರೀ, ಶುಭಸಂದೇಶದಾಗ?"

ಅವರು ಜಿಪುಣರಲ್ಲ, ಕಠಿಣ ಮನಸ್ಸಿನವರೂ ಅಲ್ಲ. ಪಗಾರವನ್ನು ಒಂದು ದಿನವೂ ತಪ್ಪಿಸಿಲ್ಲ ಎಂಬ ಅವರ ಮಾತು ನಿಜವೆಂದು ನನಗೆ ಗೊತ್ತು. ಅಂಥ ಪ್ರಾಮಾಣಿಕರು ಕೇಳಿದ ಪ್ರಶ್ನೆಗೆ ಅವಸರದ ಉತ್ತರ ಕೊಡಬಾರದು. "ಯೋಚನೆ ಮಾಡಿ ಹೇಳುತ್ತೇನೆ" ಎಂದು ಬಿಟ್ಟೆ. ಈ ಲೇಖನ ಆ ಯೋಚನೆಯ ಫಲ. ಇದನ್ನು ಓದುತ್ತಿರುವ ನಿಮ್ಮಲ್ಲಿ ಹೆಚ್ಚಿನವರು "ನಾವೇನು ಧಣಿಗಳೇ?" ಎನ್ನಬಹುದು. ಆದರೆ ಮುಂಜಾನೆ ಕಸ ಒಯ್ಯುವ ಪೌರಕಾರ್ಮಿಕರು, ಗ್ಯಾಸ್ ಸಿಲಿಂಡರ್ ಹೊತ್ತು ಮೆಟ್ಟಿಲೇರುವ ಹುಡುಗ, ಮಕ್ಕಳ ಶಾಲೆಯ ಗಂಟೆ ಬಾರಿಸುವವರು, ಕಳೆ ತೆಗೆಯಲು ಬರುವ ಹೆಣ್ಣುಮಕ್ಕಳು ಇವರಲ್ಲಿ ಒಬ್ಬರಾದರೂ ನಿಮಗಾಗಿ ದುಡಿಯುತ್ತಲೇ ಇದ್ದಾರೆ. ಆದ್ದರಿಂದ ಪ್ರಶ್ನೆ ನಮ್ಮೆಲ್ಲರದು.

ಆಳಿಗೆ ಹೇಳಿದ ಮಾತು, ಧಣಿಗೆ ಹೇಳಿದ್ದಲ್ಲ

ಮೊದಲು ಶುಭಸಂದೇಶದ ಮಾತನ್ನೇ ತೆಗೆದುಕೊಳ್ಳೋಣ. ಸಂತ ಲೂಕರ ಹದಿನೇಳನೆಯ ಅಧ್ಯಾಯದಲ್ಲಿ ಆ ಸಾಮತಿ ಇರುವುದು ನಿಜ. ಹೊಲದಿಂದ ದಣಿದು ಬಂದ ಆಳು ಒಡೆಯನಿಗೆ ಊಟ ಬಡಿಸಿ ಆಮೇಲೆ ತಾನು ಉಣ್ಣುತ್ತಾನೆ. ಅದಕ್ಕಾಗಿ ಒಡೆಯ ಅವನಿಗೆ ಕೃತಜ್ಞತೆ ಹೇಳುವುದಿಲ್ಲ. ಆದರೆ ಪ್ರಭು ಅಲ್ಲಿ ಯಾರ ಜೊತೆ ಮಾತಾಡುತ್ತಿದ್ದಾರೆ? ತಮ್ಮ ಪ್ರೇಷಿತರ ಜೊತೆ. "ನಿಮಗಾಗಿ ಇಷ್ಟೆಲ್ಲ ಮಾಡಿದೆವು" ಎಂದು ದೇವರ ಮುಂದೆ ಲೆಕ್ಕದ ಪುಸ್ತಕ ಬಿಚ್ಚಬೇಡಿ ಎಂಬುದು ಅದರ ಪಾಠ. ಸೇವೆ ಮಾಡುವವನು ಹೇಗಿರಬೇಕು ಎಂದು ಅದು ಹೇಳುತ್ತದೆ. ಸೇವೆ ಪಡೆಯುವವನು ಹೀಗೇ ಇರಲಿ ಎಂದು ಹೇಳುವುದಿಲ್ಲ. ಆಳಿಗೆ ಕಲಿಸಿದ ವಿನಯವನ್ನು ಧಣಿ ತನ್ನ ಹಕ್ಕೆಂದು ಎತ್ತಿಕೊಳ್ಳುವಂತಿಲ್ಲ.

ಅದೇ ಲೂಕರ ಹನ್ನೆರಡನೆಯ ಅಧ್ಯಾಯಕ್ಕೆ ಹೋಗಿ. ಅಲ್ಲಿ ಇನ್ನೊಬ್ಬ ಒಡೆಯನಿದ್ದಾನೆ. ರಾತ್ರಿ ತಡವಾಗಿ ಮನೆಗೆ ಬಂದವನು ತನಗಾಗಿ ಎಚ್ಚರವಿದ್ದ ಆಳುಗಳನ್ನು ಕಂಡು, ತಾನೇ ನಡುಕಟ್ಟಿಕೊಂಡು, ಅವರನ್ನು ಊಟಕ್ಕೆ ಕೂರಿಸಿ ಬಡಿಸುತ್ತಾನೆ. ದೇವರು ಎಂಥ ಒಡೆಯರು ಎಂದು ತೋರಿಸಬೇಕಾದಾಗ ಪ್ರಭು ಕೊಟ್ಟ ಚಿತ್ರ ಇದು. ಎರಡನ್ನೂ ಒಟ್ಟಿಗೆ ಓದಿದರೆ ಅರ್ಥ ಸ್ಪಷ್ಟವಾಗುತ್ತದೆ. ನಾನು ದುಡಿಯುವವನಾಗಿದ್ದಾಗ ಹದಿನೇಳನೆಯ ಅಧ್ಯಾಯ ನನ್ನದು; ದುಡಿಸಿಕೊಳ್ಳುವವನಾಗಿದ್ದಾಗ ಹನ್ನೆರಡನೆಯದು. ನಾವು ಇದನ್ನು ತಿರುವುಮುರುವಾಗಿ ಓದುವುದೇ ಹೆಚ್ಚು.

ಪಗಾರ ಏನನ್ನು ಕೊಳ್ಳುತ್ತದೆ?

ಇನ್ನು ಲೆಕ್ಕದ ಪ್ರಶ್ನೆ. ಕೂಲಿ ಕೊಟ್ಟರೆ ಲೆಕ್ಕ ಮುಗಿಯಿತೇ?

ಈ ಪ್ರಶ್ನೆ ಹೊಸದಲ್ಲ. ರೋಮಿನ ತತ್ವಜ್ಞಾನಿ ಸೆನೆಕ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಇದನ್ನು ಇನ್ನೂ ಕಟುವಾದ ರೂಪದಲ್ಲಿ ಕೇಳಿಕೊಂಡ: ಒಬ್ಬ ಗುಲಾಮ ತನ್ನ ಯಜಮಾನನಿಗೆ ಉಪಕಾರ ಮಾಡಬಲ್ಲನೇ? ಗುಲಾಮನೇ ಯಜಮಾನನ ಸೊತ್ತು ಎಂದು ನಂಬಿದ್ದ ಕಾಲ ಅದು. ಆದರೂ ಸೆನೆಕನ ಉತ್ತರ "ಹೌದು" ಎಂದೇ. ಗುಲಾಮನಿಂದ ಬಲವಂತವಾಗಿ ಪಡೆಯಬಹುದಾದಷ್ಟು ಸೇವೆ. ಅದನ್ನು ಮೀರಿ ಅವನು ಮನಸ್ಸಿನಿಂದ ಮಾಡಿದ್ದು ಉಪಕಾರ. ಹದಿಮೂರನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಈ ಮಾತನ್ನೇ ಎತ್ತಿಕೊಂಡು, ಹಾಗಾದರೆ ಸೇವಕನಿಗೂ ಕೃತಜ್ಞತೆ ಸಲ್ಲಬೇಕು ಎಂದು ತೀರ್ಮಾನ ಕೊಟ್ಟರು. ಕೃತಜ್ಞತೆ ನ್ಯಾಯದ ಒಡಹುಟ್ಟು, ಆದರೆ ನ್ಯಾಯವೇ ಅಲ್ಲ. ಅದು ಬೇರೆಯೇ ಒಂದು ಸದ್ಗುಣ ಎಂಬುದು ಅವರ ವಿವರಣೆ. ಕೂಲಿ ಕೊಡುವುದು ನ್ಯಾಯ. ನ್ಯಾಯ ಸಲ್ಲಿಸಿದ ಮಾತ್ರಕ್ಕೆ ಕೃತಜ್ಞತೆ ಸಲ್ಲಿಸಿದಂತಾಗುವುದಿಲ್ಲ.

ಇದು ಪುಸ್ತಕದ ಮಾತೆನಿಸಿದರೆ ಇಳಕಲ್ಲಿನ ಒಂದು ಮಗ್ಗದ ಮನೆಗೆ ಹೋಗಿ ಸ್ವಲ್ಪ ಹೊತ್ತು ನಿಲ್ಲಿ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಂದರ ಎಳೆಗೆ ಇನ್ನೊಂದರ ಎಳೆಯನ್ನು ಕೊಂಡಿ ಹಾಕಿ, ಹೀಗೆ ಎಳೆ ಎಳೆಯಾಗಿ ಜೋಡಿಸಿಕೊಂಡು ಹೋಗಬೇಕು. ಆಗಲೇ ಕೆಂಪು ಸೆರಗಿನ ಮೇಲೆ ಆ ಬಿಳಿಯ ತೆನೆಗಳು ಮೂಡುವುದು. ಈ ಜೋಡಣೆಯ ಕಾರಣಕ್ಕೇ ಹಾಸನ್ನು ಒಂದೊಂದು ಸೀರೆಯ ಅಳತೆಗೆ ತಯಾರಿಸಬೇಕಾಗುತ್ತದೆ. ಮಜೂರಿ ಸಿಗುವುದು ಸೀರೆಗೆ ಇಷ್ಟು ಎಂದು. ನಡುವೆ ಒಂದು ಎಳೆ ಕಡಿದು ಹೋದರೆ ಕೈ ನಿಲ್ಲಿಸಿ, ಹುಡುಕಿ, ಕಣ್ಣಿಗೆ ಕಾಣದ ಹಾಗೆ ಗಂಟು ಹಾಕುವ ಆ ಗಳಿಗೆಗೆ ಪ್ರತ್ಯೇಕ ದರವಿಲ್ಲ. ಹಾಗೇ ಬಿಟ್ಟರೂ ಕೊಳ್ಳುವವರಿಗೆ ಒಡನೆ ತಿಳಿಯುವುದಿಲ್ಲ. ನೇಕಾರ ಬಿಡುವುದಿಲ್ಲ, ಅಷ್ಟೇ.

ಪಗಾರ ಕೈಯ ಕೆಲಸವನ್ನು, ಕಾಲದ ಅಳತೆಯನ್ನು ಕೊಳ್ಳಬಲ್ಲದು. ಯಾರೂ ನೋಡದಿರುವಾಗಲೂ ಕೆಲಸ ನೆಟ್ಟಗಿರಲಿ ಎನ್ನುವ ಮನಸ್ಸನ್ನು ಅದು ಕೊಳ್ಳಲಾರದು. ಆ ಮನಸ್ಸು ದಾನವಾಗಿ ಬರುತ್ತದೆ. ದಾನಕ್ಕೆ ಸಲ್ಲಬೇಕಾದದ್ದು ಕೃತಜ್ಞತೆ. ನಮ್ಮ ಹಿರಿಯರ ಅಂಗಡಿ ಇಷ್ಟು ವರ್ಷ ನಡೆದದ್ದು ಬರೀ ಪಗಾರದಿಂದಲ್ಲ. ಅವರು ಜ್ವರ ಬಂದು ಮಲಗಿದ ದಿನ ಬಾಗಿಲು ತೆರೆದವನು, ಗಲ್ಲೆಯ ಹಣ ಎಣಿಸಿ ಚೀಟಿ ಬರೆದಿಟ್ಟವನು ಅವರಿಗೆ ಕೊಟ್ಟದ್ದು ಪಗಾರದ ಚೀಟಿಯಲ್ಲಿ ಇಲ್ಲ.

ಹೇಳಿದಷ್ಟೇ ಕೆಲಸ ಮಾಡಿ ಮನೆಗೆ ಹೋಗುವವರ ಗತಿ ಏನು ಎಂದು ನೀವು ಕೇಳಬಹುದು. ಸೆನೆಕ ಅಲ್ಲಿಗೆ ನಿಲ್ಲುತ್ತಾನೆ. ಕ್ರೈಸ್ತರಾದ ನಾವು ಇನ್ನೂ ಒಂದು ಹೆಜ್ಜೆ ಇಡಬೇಕು. ಕೆಲಸದ ಬೆಲೆ ಮೊದಲು ಬರುವುದು ಅದು ಯಾವ ಕೆಲಸ ಎಂಬುದರಿಂದಲ್ಲ, ಮಾಡುವವರು ಒಬ್ಬ ವ್ಯಕ್ತಿ ಎಂಬುದರಿಂದ ಎಂದು ಪೋಪ್ ಎರಡನೆಯ ಜಾನ್ ಪಾಲರು 1981ರ 'ಲಾಬೊರೆಮ್ ಎಕ್ಸರ್ಚೆನ್ಸ್' ಎಂಬ ವಿಶ್ವಪತ್ರದಲ್ಲಿ ಬೋಧಿಸಿದರು. ನೆಲ ಒರೆಸುವ ಕೈಯೂ ದೇವರ ಪ್ರತಿರೂಪದ ಕೈ. ಅದನ್ನು ಕಂಡೂ ಕಾಣದಂತೆ ದಾಟಿ ಹೋಗುವುದು ಬರೀ ಮರ್ಯಾದೆಯ ಲೋಪವಲ್ಲ.

ಪಟ್ಟದಕಲ್ಲಿನ ಬಾಗಿಲಲ್ಲಿ ಬರೆದದ್ದು

ಮೆಚ್ಚುಗೆ ತೋರಿಸುವುದೆಂದರೆ ಹೇಗೆ? ಇದಕ್ಕೆ ದೂರದ ಉದಾಹರಣೆ ಬೇಡ. ಬಾದಾಮಿ ತಾಲ್ಲೂಕಿನ ಪಟ್ಟದಕಲ್ಲಿಗೆ ನಿಮ್ಮಲ್ಲಿ ಅನೇಕರು ಮಕ್ಕಳನ್ನು ಕರೆದುಕೊಂಡು ಹೋಗಿರುತ್ತೀರಿ. 1987ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಊರು ಅದು. ಅಲ್ಲಿಯ ದೊಡ್ಡ ಗುಡಿ ವಿರೂಪಾಕ್ಷ. ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದದ್ದರ ನೆನಪಿಗೆ ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದಲ್ಲಿ ಅದನ್ನು ಕಟ್ಟಿಸಿದಳು. ಆ ಗುಡಿಯ ಪೂರ್ವದ ಬಾಗಿಲಲ್ಲಿ ಹಳೆಗನ್ನಡದ ಶಾಸನಗಳಿವೆ. ಸಾಮಾನ್ಯವಾಗಿ ನಾವು ಮೂರ್ತಿಗಳನ್ನು ನೋಡಿ, ಚಿತ್ರ ತೆಗೆಸಿಕೊಂಡು ಬಂದುಬಿಡುತ್ತೇವೆ. ಬರಹದ ಹತ್ತಿರ ನಿಲ್ಲುವುದಿಲ್ಲ.

ಆ ಬರಹ ಹೇಳುವುದು ಒಬ್ಬ ಕೆಲಸಗಾರನ ಸುದ್ದಿಯನ್ನು. ಗುಡಿ ಕಟ್ಟಿದ ಸೂತ್ರಧಾರಿಯ ಹೆಸರು ಗುಂಡ. ಅನಿವಾರಿತಾಚಾರಿ ಎಂಬುದು ಅವನ ಇನ್ನೊಂದು ಹೆಸರು. ಅವನಿಗೆ 'ಪೆರ್ಜೆರೆಪು' ಎಂಬ ಪಟ್ಟ ಕಟ್ಟಿ 'ತ್ರಿಭುವನಾಚಾರಿ' ಎಂಬ ಬಿರುದು ಕೊಟ್ಟರೆಂದು ಕಲ್ಲಿನಲ್ಲಿ ಕೆತ್ತಿದ್ದಾರೆ. ಸರ್ವಸಿದ್ಧಿ ಆಚಾರಿ ಎಂಬ ಹೆಸರೂ ಅಲ್ಲಿದೆ. ಮನೆ, ಅರಮನೆ, ವಾಹನ, ಆಸನ, ಮಂಚ, ಕಿರೀಟ ಎಂದು ಅವನು ಬಲ್ಲ ಕೆಲಸಗಳನ್ನು ಒಂದೊಂದಾಗಿ ಎಣಿಸಿ ಹೇಳಿದ್ದಾರೆ. "ಒಳ್ಳೆಯ ಕೆಲಸಗಾರ" ಎಂದು ತೇಲಿಸಿ ಬಿಟ್ಟಿಲ್ಲ. ಅವನ ಕೈಗೆ ಏನೇನು ಬರುತ್ತದೆ ಎಂಬುದು ಬರೆಸಿದವರಿಗೆ ಗೊತ್ತಿತ್ತು.

ಅದೇ ಬಾಗಿಲಲ್ಲಿ ಇನ್ನೊಂದು ಸಂಗತಿ ಇದೆ. ಹಿಂದಿನ ಅರಸ ವಿಜಯಾದಿತ್ಯ ಅಲ್ಲಿಯ ಗಾಯಕರಿಗೆ ಕೊಟ್ಟಿದ್ದ ಹಕ್ಕುಗಳನ್ನು ಲೋಕಮಹಾದೇವಿ ತಾನೂ ಮುಂದುವರಿಸಿ ಸ್ಥಿರಪಡಿಸಿದಳು ಎಂಬುದು. ಗಮನಿಸಿ: ಶಿಲ್ಪಿಗೆ ಹೆಸರು, ಪಟ್ಟ, ಬಿರುದು, ಗಾಯಕರಿಗೆ ನಾಳೆಯ ಅನ್ನದ ಭರವಸೆ. ರಾಣಿ ಗಾಯಕರ ಹಾಡನ್ನು ಹೊಗಳಿ ಕಳಿಸಿಬಿಡಬಹುದಾಗಿತ್ತು. ಅರಸರು ಬದಲಾದಾಗ ತಮ್ಮ ಗತಿಯೇನು ಎಂಬ ಹೆದರಿಕೆ ಅವರಿಗೆ ಇದ್ದಿರಬೇಕು. ಆ ಹೆದರಿಕೆಗೆ ಬೇಕಾಗಿದ್ದುದು ಲಿಖಿತವಾದ ಮಾತು.

ಇದನ್ನು ಹೇಳುವಾಗ ಒಂದು ಕೊರತೆಯನ್ನು ಮುಚ್ಚಿಡಲಾರೆ. ಆ ಗುಡಿಗೆ ಕಲ್ಲು ಕಡಿದವರು, ಹೊತ್ತವರು, ನೀರು ತಂದವರು ನೂರಾರು ಮಂದಿ ಇದ್ದಿರಬೇಕು. ಅವರ ಹೆಸರು ಯಾವ ಬಾಗಿಲಲ್ಲೂ ಇಲ್ಲ. ಮೇಲಿನ ಒಬ್ಬನನ್ನು ಸನ್ಮಾನಿಸಿ ಕೆಳಗಿನ ನೂರು ಜನರನ್ನು ಮರೆಯುವ ರೂಢಿ ಅಂದೂ ಇತ್ತು, ಇಂದೂ ಇದೆ. ಇಳಕಲ್ಲಿನ ಕೆಂಪು ಗ್ರಾನೈಟ್ ಎಲ್ಲೆಲ್ಲೋ ದೊಡ್ಡ ಕಟ್ಟಡಗಳ ನೆಲವಾಗಿದೆ. ಆ ಕಲ್ಲಿನ ದೂಳು ಕುಡಿದವರು ಯಾರೆಂದು ಆ ನೆಲದ ಮೇಲೆ ನಡೆಯುವವರಿಗೆ ತಿಳಿಯದು.

ಹುನಗುಂದ ತಾಲ್ಲೂಕಿನ ಕೂಡಲಸಂಗಮವನ್ನೂ ಇಲ್ಲಿ ನೆನೆಯಬೇಕು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರೂ ಅವರ ಜೊತೆಗಿದ್ದ ಶರಣರೂ ಕೆಲಸಕ್ಕೆ 'ಕಾಯಕ' ಎಂಬ ಪವಿತ್ರವಾದ ಹೆಸರನ್ನು ಕೊಟ್ಟರು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ ಎಂದು ಕಸುಬನ್ನು ಹೆಸರಿನ ಮುಂದೆಯೇ ಇಟ್ಟು ಕರೆದರು. ಜನ ಕೀಳೆಂದು ಹೀನಾಯ ಮಾಡುತ್ತಿದ್ದ ಕೆಲಸ ಅಲ್ಲಿ ಗೌರವದ ಗುರುತಾಯಿತು. ನಮ್ಮ ಪ್ರಭುವನ್ನೂ ಊರಿನವರು ಬಡಗಿಯ ಮಗನೆಂದು ಕರೆದರಲ್ಲವೇ? ಅವರು ಹೀಗಳೆದು ಹೇಳಿದ್ದನ್ನು ಧರ್ಮಸಭೆ ತಲೆಯ ಮೇಲೆ ಇಟ್ಟುಕೊಂಡಿದೆ. 1955ರಲ್ಲಿ ಪೋಪ್ ಹನ್ನೆರಡನೆಯ ಪಿಯುಸರು ಮೇ 1ನ್ನು ಕಾರ್ಮಿಕರಾದ ಸಂತ ಜೋಸೆಫರ ಹಬ್ಬವೆಂದು ಸಾರಿದರು.

ಶಾಲು ಮತ್ತು ಸೂಟಿ

ಇಷ್ಟೆಲ್ಲ ಬರೆಯುವ ನನ್ನ ಸ್ವಂತ ಲೆಕ್ಕ ಹೇಗಿದೆ? ಹೇಳಲೇಬೇಕು.

ಹಿಂದೆ ನಾನಿದ್ದ ಒಂದು ಧರ್ಮಕೇಂದ್ರದ ಗುರುಮನೆಯಲ್ಲಿ ಒಬ್ಬ ಅಕ್ಕ ಬಹಳ ವರ್ಷಗಳಿಂದ ಅಡುಗೆ ಮಾಡಿಕೊಂಡಿದ್ದರು. ನಾನು ಬರುವುದಕ್ಕೆ ಮುಂಚೆ ಮೂವರು ಗುರುಗಳಿಗೆ ರೊಟ್ಟಿ ಬಡಿದು ಹಾಕಿದ್ದವರು. ಧರ್ಮಕೇಂದ್ರದ ಹಬ್ಬದ ದಿನ ಅವರಿಗೆ ಸನ್ಮಾನ ಮಾಡಬೇಕೆಂದು ನಾನೇ ಸೂಚಿಸಿದೆ. ವೇದಿಕೆಗೆ ಕರೆದು ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟೆವು. ಜನ ಚಪ್ಪಾಳೆ ತಟ್ಟಿದರು. ನಾನು ಎರಡು ಮಾತು ಆಡಿದೆ. ಚೆನ್ನಾಗಿ ಆಡಿದೆ ಎಂದೇ ಅಂದುಕೊಂಡಿದ್ದೆ.

ಮರುದಿನ ಮುಂಜಾನೆ ಚಹಾ ತಂದಿಟ್ಟಾಗ "ಅಕ್ಕಾ, ಶಾಲು ಹೇಗಿದೆ?" ಎಂದು ಕೇಳಿದೆ.

"ಶಾಲು ಛಲೋ ಐತ್ರಿ ಫಾದರ್," ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಗಳ ಹೆರಿಗಿಗೆ ನಾಕು ದಿನಾ ಸೂಟಿ ಕೇಳಿದ್ನಿರಿ. ಅದು ಸಿಕ್ಕಿದ್ರ ಇನ್ನೂ ಛಲೋ ಆಗತಿತ್ತು" ಎಂದು ಹೇಳಿ ಒಳಗೆ ಹೋದರು.

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ನಾಟಿತು. ಆಗ ನೆನಪಾಯಿತು: ಹಬ್ಬದ ತಯಾರಿ ನಡೆದಿತ್ತು, ಹೊರಗಿನ ಗುರುಗಳು ಬರುವವರಿದ್ದರು. "ಹಬ್ಬ ಮುಗಿಯಲಿ, ಆಮೇಲೆ ನೋಡೋಣ" ಎಂದು ಕಾಗದದಿಂದ ತಲೆ ಎತ್ತದೆ ಹೇಳಿದ್ದೆ. ಅವರ ಮಗಳ ಚೊಚ್ಚಲ ಹೆರಿಗೆ ತಾಯಿ ಹತ್ತಿರ ಇಲ್ಲದೆ ಆಗಿ ಹೋಗಿತ್ತು. ನನ್ನ ಹಬ್ಬಕ್ಕೆ ಅಡುಗೆ ಆಗಲೆಂದು ಆ ತಾಯಿಯನ್ನು ನಿಲ್ಲಿಸಿಕೊಂಡವನು, ಅದೇ ಹಬ್ಬದ ವೇದಿಕೆಯ ಮೇಲೆ ಶಾಲು ಹೊದಿಸಿದ್ದೆ. ಆಮೇಲೆ ವಾರಕ್ಕೊಂದು ದಿನ ರಜೆ ಗೊತ್ತು ಮಾಡಿದೆ, ಪಗಾರ ಏರಿಸಿದೆ, ಕ್ಷಮೆಯನ್ನೂ ಕೇಳಿದೆ. ಆದರೆ ಆ ನಾಲ್ಕು ದಿನಗಳನ್ನು ವಾಪಸ್ಸು ಕೊಡಲು ನನ್ನಿಂದ ಆಗಲಿಲ್ಲ, ಯಾರಿಂದಲೂ ಆಗುವುದಿಲ್ಲ.

ಸಂತ ಥಾಮಸರು ಕೃತಜ್ಞತೆಗೆ ಮೂರು ಮೆಟ್ಟಿಲು ಹೇಳುತ್ತಾರೆ. ಪಡೆದ ಉಪಕಾರವನ್ನು ಗುರುತಿಸುವುದು ಮೊದಲನೆಯದು. ಬಾಯಿಬಿಟ್ಟು ವಂದಿಸುವುದು ಎರಡನೆಯದು. ಕಾಲ ನೋಡಿ, ಶಕ್ತಿಯಿದ್ದಷ್ಟು ಮರಳಿ ಸಲ್ಲಿಸುವುದು ಮೂರನೆಯದು. ಕೃತಘ್ನತೆಗಳಲ್ಲಿ ಅತ್ಯಂತ ಕೆಟ್ಟದ್ದು ಮರಳಿ ಕೊಡದಿರುವುದಲ್ಲ, ಪಡೆದದ್ದೇ ತಿಳಿಯದಿರುವುದು ಎಂದೂ ಅವರು ಎಚ್ಚರಿಸುತ್ತಾರೆ. ಸೆಮಿನರಿಯಲ್ಲಿ ಇದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದವನು ನಾನು. ಮೊದಲ ಮೆಟ್ಟಿಲು ಹತ್ತದೆ ಎರಡನೆಯದಕ್ಕೆ ಹಾರಿದ್ದೆ. ಅರ್ಥ ಮಾಡಿಸಿದವರು ಆ ಅಕ್ಕ.

ಚಪ್ಪಾಳೆ ಕೂಲಿಯಾಗಬಾರದು

ಒಬ್ಬ ಗುರುವಿನ ತಪ್ಪು ಇಡೀ ಸಮಾಜದ ತಪ್ಪೂ ಆಗಿರುವುದುಂಟು. 2020ರ ಮಾರ್ಚ್ 22ರ ಸಂಜೆ ಐದು ಗಂಟೆ ನಿಮಗೆ ನೆನಪಿರಬಹುದು. ಕೊರೋನಾ ಕಾಲದಲ್ಲಿ ದುಡಿಯುತ್ತಿದ್ದವರಿಗಾಗಿ ದೇಶವೆಲ್ಲ ಬಾಗಿಲಿಗೆ ಬಂದು ಚಪ್ಪಾಳೆ ತಟ್ಟಿತು, ತಾಟು ಬಾರಿಸಿತು. ಅದು ಸುಳ್ಳು ಮೆಚ್ಚುಗೆಯಾಗಿರಲಿಲ್ಲ. ಹೆದರಿದ ಮನಸ್ಸುಗಳಿಂದ ಬಂದ ನಿಜವಾದ ಕೃತಜ್ಞತೆ. ಆದರೆ ಅದೇ ವರ್ಷದ ಜುಲೈಯಲ್ಲಿ ನಮ್ಮ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ನಿಶ್ಚಿತವಾಗಿ ಕೊಡಿ ಎಂದು ಕೇಳಿ ಕೆಲಸ ನಿಲ್ಲಿಸಬೇಕಾಯಿತು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರನ್ನು ಗೌರವಿಸಿತು. ಪ್ರಶಸ್ತಿ ಬಂದದ್ದು ಸಂತೋಷ. ಆದರೆ ಪ್ರಶಸ್ತಿ ಕಿರಾಣಿ ಅಂಗಡಿಯಲ್ಲಿ ನಡೆಯುವುದಿಲ್ಲ.

ನಮ್ಮ ಭಾಷೆಯಲ್ಲೇ ಒಂದು ಮಾತು ಇದೆ: 'ಗೌರವಧನ'. ಕೇಳಲು ಎಷ್ಟು ಚೆಂದ! ಅಂಗನವಾಡಿಯ ಹೆಣ್ಣುಮಕ್ಕಳಿಗೆ ಸಿಗುವುದಕ್ಕೆ ಈ ಹೆಸರು. ಗೌರವ ಎಂದು ಕರೆದ ಕೂಡಲೇ ಅದು ಕೂಲಿಯಲ್ಲ, ಆದ್ದರಿಂದ ಕೂಲಿಯವರಿಗಿರುವ ಹಕ್ಕು ಇವರಿಗಿಲ್ಲ ಎಂದು ವಾದಿಸಲು ದಾರಿಯಾಯಿತು. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಆ ವಾದವನ್ನು ಒಪ್ಪಲಿಲ್ಲ. ಗೌರವಧನವೂ ವೇತನವೇ, 1972ರ ಕಾಯ್ದೆಯಂತೆ ಅವರಿಗೆ ಗ್ರಾಚ್ಯುಟಿ ಸಲ್ಲಬೇಕು ಎಂದು ತೀರ್ಪು ಕೊಟ್ಟಿತು. 'ಗ್ರಾಚ್ಯುಟಿ' ಎಂಬ ಮಾತು ಹುಟ್ಟಿದ್ದು ಕೃತಜ್ಞತೆ ಎಂಬ ಅರ್ಥದ ಲ್ಯಾಟಿನ್ ಬೇರಿನಿಂದಲೇ. ಬಹುಕಾಲ ದುಡಿದವರಿಗೆ, ದುಡಿದ ಒಂದೊಂದು ವರ್ಷಕ್ಕೆ ಹದಿನೈದು ದಿನದ ಪಗಾರದಂತೆ ಕೊಡಬೇಕೆಂದು ಆ ಕಾಯ್ದೆ ಗೊತ್ತು ಮಾಡಿತು. ಕಾನೂನು ಕೃತಜ್ಞತೆಗೂ ಒಂದು ಲೆಕ್ಕ ಬರೆದುಕೊಡಬೇಕಾಯಿತು ಎಂದರೆ, ಬಾಯಿಮಾತಿನ ಕೃತಜ್ಞತೆಯನ್ನು ದುಡಿಯುವವರು ಎಷ್ಟು ಕಾಲ ನಂಬಿ ಕೆಟ್ಟಿರಬೇಕು!

ಪವಿತ್ರ ಗ್ರಂಥ ಈ ವಿಷಯದಲ್ಲಿ ಬಹಳ ಸ್ಪಷ್ಟ. ಬಡ ಕೂಲಿಯವನ ಕೂಲಿಯನ್ನು ಸೂರ್ಯ ಮುಳುಗುವುದರೊಳಗೆ ಕೊಡಬೇಕು, ಅವನ ಜೀವ ಅದರ ಮೇಲೆ ನಿಂತಿದೆ ಎಂದು ಧರ್ಮೋಪದೇಶಕಾಂಡ ವಿಧಿಸುತ್ತದೆ. ಹಿಡಿದಿಟ್ಟ ಕೂಲಿ ದೇವರ ಕಿವಿಗೆ ಮುಟ್ಟುವಂತೆ ಕೂಗುತ್ತದೆ ಎಂದು ಸಂತ ಯಕೋಬರು ಬರೆಯುತ್ತಾರೆ. 1891ರಲ್ಲಿ ಪೋಪ್ ಹದಿಮೂರನೆಯ ಲಿಯೋರವರು 'ರೇರುಮ್ ನೊವಾರುಮ್' ವಿಶ್ವಪತ್ರದಲ್ಲಿ ನ್ಯಾಯವಾದ ಕೂಲಿಯನ್ನು ಕಾರ್ಮಿಕರ ಹಕ್ಕೆಂದು ಎತ್ತಿ ಹಿಡಿದರು. 2025ರಲ್ಲಿ ಚುನಾಯಿತರಾದ ಪೋಪ್ ಹದಿನಾಲ್ಕನೆಯ ಲಿಯೋರವರು ಆ ಹೆಸರನ್ನು ಆರಿಸಿಕೊಂಡದ್ದು ಈ ಬೋಧನೆಯ ನೆನಪಿನಿಂದಲೇ. ಆದ್ದರಿಂದ ಕ್ರಮ ತಪ್ಪಬಾರದು: ಮೊದಲು ಕೂಲಿ, ಆಮೇಲೆ ಹಾರ. ಕೂಲಿ ಕೊಡದೆ ಹಾರ ಹಾಕುವುದು ಮೋಸ. ಕೂಲಿ ಕೊಟ್ಟು ಮುಖ ನೋಡದಿರುವುದು ಮೋಸವಲ್ಲ, ಬಡತನ, ಕೊಡುವವನ ಬಡತನ.

ನಮ್ಮ ಕೈಯಲ್ಲಾಗುವುದು

ಹಾಗಾದರೆ ನಾವೇನು ಮಾಡಬಹುದು? ದೊಡ್ಡ ಯೋಜನೆ ಬೇಕಿಲ್ಲ.

ಮೊದಲು ಹೆಸರು ಹಿಡಿದು ಕರೆಯಿರಿ. "ಏ ತಮ್ಮಾ", "ಆ ಕೆಲಸದಾಕಿ" ಎಂಬುದು ಹೆಸರಲ್ಲ. ವಯಸ್ಸಿನಲ್ಲಿ ಹಿರಿಯರಾದರೆ ಅಣ್ಣ, ಅಕ್ಕ, ಕಾಕಾ ಎಂದು ಸೇರಿಸಿ. ಬಹುವಚನಕ್ಕೆ ದುಡ್ಡು ಬೀಳುವುದಿಲ್ಲ. ಬೆತ್ಲೆಹೇಮಿನ ಬೋವಜ ಹೊಲಕ್ಕೆ ಬಂದಾಗ ಮೊದಲು ಮಾಡಿದ್ದು ಕೊಯ್ಲಿನವರಿಗೆ ದೇವರ ಹೆಸರಿನಲ್ಲಿ ವಂದನೆ. ಕೆಲಸ ಎಷ್ಟಾಯಿತೆಂಬ ವಿಚಾರಣೆಯಲ್ಲ.

ಮೆಚ್ಚುವಾಗ ಕೆಲಸವನ್ನು ತಿಳಿದು ಮೆಚ್ಚಿರಿ. "ಛಲೋ ಮಾಡ್ತೀರಿ" ಎಂದರೆ ಕೇಳಿದವರು ನಕ್ಕು ಮರೆಯುತ್ತಾರೆ. "ನಿನ್ನೆ ಆ ಗಿರಾಕಿ ಸಿಟ್ಟು ಮಾಡಿದಾಗ ನೀವು ಸಮಾಧಾನದಿಂದ ಮಾತಾಡಿದ್ದನ್ನು ನೋಡಿದೆ" ಎಂದರೆ ಮನೆಗೆ ಹೋಗಿ ಹೆಂಡತಿ ಮಕ್ಕಳಿಗೆ ಹೇಳುತ್ತಾರೆ. ಹೊಗಳಿಕೆ ನಾಲ್ಕು ಜನರ ಮುಂದೆ ಇರಲಿ, ತಿದ್ದುಪಡಿ ಒಬ್ಬರೇ ಇದ್ದಾಗ. ನಾವು ಮಾಡುವುದು ಇದಕ್ಕೆ ವಿರುದ್ಧ.

ಅವರಿಗೆ ಬೇಕಾದದ್ದನ್ನು ಅವರನ್ನೇ ಕೇಳಿ. ಒಬ್ಬರಿಗೆ ಮಗನ ಫೀಸಿಗೆ ಮುಂಗಡ ಬೇಕಿರುತ್ತದೆ, ಇನ್ನೊಬ್ಬರಿಗೆ ಮಗ್ಗದ ಗುಂಡಿಗೆ ಬೆಳಕು, ಮತ್ತೊಬ್ಬರಿಗೆ ಸೂಟಿ. ನಮ್ಮ ರೈತರಿಗೆ ಈ ಜ್ಞಾನ ಮೊದಲಿನಿಂದಲೂ ಇದೆ. ಕಾರ ಹುಣ್ಣಿಮೆಗೆ ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಗೆಜ್ಜೆ ಕಟ್ಟಿ, ಹೋಳಿಗೆ ತಿನ್ನಿಸುತ್ತಾರೆ. ಅಂದು ಹೆಗಲ ಮೇಲೆ ನೊಗ ಇಡುವುದಿಲ್ಲ. ಸಿಂಗಾರವೂ ವಿಶ್ರಾಂತಿಯೂ ಒಂದೇ ದಿನ. ಎತ್ತಿಗೆ ತಿಳಿದು ಮಾಡುವ ಮರ್ಯಾದೆಯನ್ನು ಮನುಷ್ಯರಿಗೆ ಮಾಡಲು ನಾವು ಮರೆಯಬಾರದು.

ಇನ್ನು ಚಹಾದ ಕಪ್ಪು. ಮನೆಯವರಿಗೊಂದು, ಕೆಲಸದವರಿಗೆ ಒಡೆದ ಹಿಡಿಯ ಇನ್ನೊಂದು. ಅದೂ ಹೊರಗಿನ ಕಿಟಕಿಯಲ್ಲಿ. ಒಂದೇ ಪರಮಪ್ರಸಾದದಲ್ಲಿ ಪಾಲ್ಗೊಳ್ಳುವ ನಮ್ಮ ಮನೆಗಳಲ್ಲೂ ಈ ಎರಡನೆಯ ಕಪ್ಪು ಇದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ದೀಪಾವಳಿಗೆ, ಕ್ರಿಸ್ಮಸ್ಸಿಗೆ ಹೊಸ ಸೀರೆ ಕೊಟ್ಟರೂ ಆ ಕಪ್ಪು ಕಿಟಕಿಯಲ್ಲಿ ಇರುವವರೆಗೆ ಮಾತು ಸುಳ್ಳಾಗುತ್ತದೆ. ಹಬ್ಬದ ಮಾತು ಬಂತು. ದಸರೆಯಲ್ಲಿ ನಮ್ಮ ಕಡೆ ಬನ್ನಿ ಕೊಟ್ಟು "ಬಂಗಾರದಂಗ ಇರೂಣು" ಎನ್ನುವ ರೂಢಿ ಉಂಟು. ಆಳು ಧಣಿಯ ಮನೆಗೆ ಬನ್ನಿ ಹಿಡಿದು ಬರುವುದನ್ನು ಎಲ್ಲರೂ ಕಂಡಿದ್ದೇವೆ. ಧಣಿ ಆಳಿನ ಮನೆಯ ಹೊಸ್ತಿಲು ತುಳಿದದ್ದನ್ನು ಎಷ್ಟು ಸಲ ಕಂಡಿದ್ದೇವೆ?

ಕೊನೆಗೆ ನಮ್ಮ ಮನೆಯೊಳಗಿನ ಮಾತು. ಸೀರೆ ಒಬ್ಬರೇ ನೇಯುವುದಿಲ್ಲ. ಮಗ್ಗದ ಪಕ್ಕದಲ್ಲಿ ಕುಳಿತು ಕಂಡಿಕೆ ಸುತ್ತುವ, ಹಾಸು ಹಾಕುವ ತಾಯಿ, ಹೆಂಡತಿ, ಅಜ್ಜಿ ಇರುತ್ತಾರೆ. ಮಜೂರಿಯ ಲೆಕ್ಕದಲ್ಲಿ ಅವರ ಹೆಸರು ಬರುವುದು ಅಪರೂಪ. ನಿಮ್ಮ ಮನೆಯಲ್ಲಿ ಮಗ್ಗ ಇಲ್ಲದಿರಬಹುದು, ಕಂಡಿಕೆ ಸುತ್ತುವವರು ಇದ್ದೇ ಇದ್ದಾರೆ. ಕುಟುಂಬಕ್ಕೆ ಮೂರು ಮಾತು ಬೇಕು ಎಂದು ಪೋಪ್ ಫ್ರಾನ್ಸಿಸ್‌ರವರು 2015ರಲ್ಲಿ ಹೇಳಿದ್ದರು: ಅಪ್ಪಣೆ ಕೇಳುವುದು, ಉಪಕಾರ ಸ್ಮರಿಸುವುದು, ಕ್ಷಮೆ ಬೇಡುವುದು. ಮನೆಯಲ್ಲಿ ಈ ಮಾತು ಆಡದವನು ಅಂಗಡಿಯಲ್ಲಿ ಆಡಿದರೆ ಅದು ವ್ಯಾಪಾರದ ಮಾತಾದೀತು.

ಆ ಹಿರಿಯರಿಗೆ ಇದನ್ನೆಲ್ಲ ಹೇಳಿದೆ. ಕೊನೆಯವರೆಗೂ ಕೇಳಿದರು. "ನೋಡೂಣ್ರಿ ಫಾದರ್" ಎಂದಷ್ಟೇ ಹೇಳಿ ಹೊರಟರು. ಅವರು ಏನು ಮಾಡಿದರೆಂದು ನಾನು ಕೇಳಲು ಹೋಗಿಲ್ಲ. ನನ್ನ ಅಕ್ಕನ ನಾಲ್ಕು ದಿನಗಳ ಲೆಕ್ಕವೇ ನನ್ನ ಹತ್ತಿರ ಬಾಕಿ ಇರುವಾಗ ಇನ್ನೊಬ್ಬರ ಲೆಕ್ಕ ಕೇಳುವ ಬಾಯಿ ನನಗಿಲ್ಲ.

ನಿಮ್ಮಲ್ಲಿ ಒಂದು ವಿನಂತಿ. ಈ ರಾತ್ರಿ ಪ್ರಾರ್ಥನೆಗೆ ಕೂರುವ ಮುನ್ನ ಒಂದು ಚೀಟಿ ತೆಗೆದುಕೊಂಡು, ಈ ವಾರ ನಿಮಗಾಗಿ ದುಡಿದವರ ಹೆಸರುಗಳನ್ನು ಬರೆಯಿರಿ. ಪ್ರತಿ ಹೆಸರಿನ ಮುಂದೆ ಅವರು ಮಾಡಿದ ಒಂದು ಕೆಲಸವನ್ನು ಬರೆಯಿರಿ. ಎಲ್ಲಿ ಹೆಸರು ತಿಳಿಯದೆ ಲೇಖನಿ ನಿಲ್ಲುತ್ತದೋ, ಅಲ್ಲಿಂದ ನಾಳೆ ಬೆಳಿಗ್ಗೆ ಶುರುಮಾಡಿ. ಅವರ ಹೆಸರನ್ನು ಕೇಳಿ ತಿಳಿದುಕೊಳ್ಳಿ.